ಮನೆಯ ಮರಗೆಲಸ: ಒಣಗಿದ ಮರ, ಒಂದೇ ಮಟ್ಟಗೆರೆ, ಬಿಗಿಯಾದ ಜೋಡಣೆ

ಮನೆ ಕಟ್ಟಿ ವರ್ಷ ತುಂಬುವ ಮೊದಲೇ ಬಾಗಿಲು ಹಿಡಿದುಕೊಳ್ಳುತ್ತದೆ, ಕಿಟಕಿಯ ಮೂಲೆಯಲ್ಲಿ ಸಂದು ಬಿಡುತ್ತದೆ, ಮೆಟ್ಟಿಲು ಕಿರುಗುಟ್ಟುತ್ತದೆ. ಬೈಗುಳ ಬೀಳುವುದು ಬಡಗಿಯ ಕೈಗೆ. ಆದರೆ ಇಂಥ ತೊಂದರೆಗಳನ್ನು ಬೆನ್ನುಹತ್ತಿ ಹೋದರೆ ಸಾಮಾನ್ಯವಾಗಿ ಸಿಗುವ ಕಾರಣ ಎರಡೇ. ಒಂದು, ಮರ ಒಣಗುವ ಮೊದಲೇ ಉಳಿ ಬಿದ್ದಿದೆ. ಇನ್ನೊಂದು, ಪ್ರತಿ ಅಳತೆಯನ್ನೂ ಒಂದೊಂದು ಕಡೆಯಿಂದ ಹಿಡಿದಿದ್ದಾರೆ. ಈ ಎರಡನ್ನು ಸರಿಮಾಡಿಕೊಂಡವರಿಗೆ ಉಳಿದ ಕೆಲಸ ಅರ್ಧ ಹಗುರ. ಹಾಗಾಗಿ ಈ ಲೇಖನದಲ್ಲಿ ಮರ ಮತ್ತು ಅಳತೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಜೋಡಣೆ, ಬಾಗಿಲು, ತೊಲೆ, ಮಾಡು, ಮೆಟ್ಟಿಲು ಆಮೇಲೆ ಬರುತ್ತವೆ.

ಮೊದಲ ಕೆಲಸ: ಮರ ಒಣಗಿದೆಯೇ ನೋಡುವುದು

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಜೀವಕೋಶಗಳ ಪೊಳ್ಳಿನಲ್ಲಿ ಮತ್ತು ಅವುಗಳ ಗೋಡೆಯಲ್ಲಿ. ಒಣಗುವಾಗ ಪೊಳ್ಳಿನ ನೀರು ಮೊದಲು ಹೋಗುತ್ತದೆ. ಆಗ ಮರ ಹಗುರವಾಗುತ್ತದೆ, ಆದರೆ ಕುಗ್ಗುವುದಿಲ್ಲ. ತೇವಾಂಶ ಸುಮಾರು 28–30 ಶೇಕಡಾಕ್ಕೆ ಇಳಿದ ಮೇಲೆ ಗೋಡೆಯ ನೀರು ಹೋಗಲು ಶುರು. ಕುಗ್ಗುವುದು, ಸೀಳುವುದು, ತಿರುಚುವುದು ಎಲ್ಲ ಇಲ್ಲಿಂದಾಚೆಗೆ. ಆದ್ದರಿಂದ "ಕಡಿದು ಎರಡು ತಿಂಗಳಾಯಿತು, ಎತ್ತಿದರೆ ಹಗುರ ಇದೆ" ಎಂಬ ಮಾತನ್ನು ನಂಬಿ ಮರ ಕೊಯ್ಯಬೇಡಿ. ಆಟ ಶುರುವಾಗುವುದೇ ಆ ಹೊತ್ತಿಗೆ.

ಕುಗ್ಗುವಿಕೆ ಎಲ್ಲ ದಿಕ್ಕಿಗೂ ಒಂದೇ ಅಲ್ಲ. ಎಳೆಯ ಉದ್ದಕ್ಕೆ ಮರ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ: ಹಸಿಯಿಂದ ಪೂರ್ತಿ ಒಣಗುವವರೆಗೆ 0.1–0.2 ಶೇಕಡಾ ಅಷ್ಟೇ. ಅಡ್ಡಕ್ಕೆ ಬಂದರೆ ಲೆಕ್ಕ ಬೇರೆ. ವರ್ಷದ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಆಗುವ ಕುಗ್ಗು, ತಿರುಳಿನಿಂದ ತೊಗಟೆಯ ಕಡೆಗೆ ಆಗುವ ಕುಗ್ಗಿಗಿಂತ ಸುಮಾರು ಎರಡು ಪಟ್ಟು. ಹಲಗೆ ದೋಣಿಯಂತೆ ಬಾಗುವುದು ಈ ವ್ಯತ್ಯಾಸದಿಂದಲೇ. ಹಲಗೆಯ ತುದಿಯನ್ನು ಎದುರಿಗೆ ಹಿಡಿದು ಉಂಗುರಗಳನ್ನು ನೋಡಿ. ಒಣಗುವಾಗ ಆ ಬಿಲ್ಲುಗೆರೆಗಳು ನೆಟ್ಟಗಾಗಲು ಎಳೆಯುತ್ತವೆ ಎಂದುಕೊಂಡರೆ ಸಾಕು, ಹಲಗೆ ಯಾವ ಕಡೆಗೆ ಬಾಗುತ್ತದೆಂದು ಮೊದಲೇ ಹೇಳಬಹುದು. ತೊಗಟೆಯ ಕಡೆಯ ಮುಖ ಒಳಕ್ಕೆ ತಗ್ಗುತ್ತದೆ.

ಅಂಕಿಯಲ್ಲಿ ಹೇಳುವುದಾದರೆ, ತೇವಾಂಶ 1 ಶೇಕಡಾ ಬದಲಾದಾಗ ಅಡ್ಡ ಅಗಲ ಸರಿಸುಮಾರು 0.2–0.25 ಶೇಕಡಾ ಬದಲಾಗುತ್ತದೆ. 400 ಮಿ.ಮೀ. ಅಗಲದ ಬಾಗಿಲ ಫಲಕವೊಂದು ಬೇಸಿಗೆಗೂ ಮಳೆಗಾಲಕ್ಕೂ ನಡುವೆ 4 ಶೇಕಡಾ ತೇವ ಹೀರಿ ಬಿಟ್ಟರೆ 3–4 ಮಿ.ಮೀ. ಆಡುತ್ತದೆ. ಅಂಟು, ಮೊಳೆ, ಬಣ್ಣ ಯಾವುದೂ ಇದನ್ನು ಪೂರ್ತಿ ನಿಲ್ಲಿಸಲಾರವು. ಆಡಲು ಜಾಗ ಕೊಟ್ಟರೆ ಬಾಗಿಲು ಉಳಿಯುತ್ತದೆ. ಕೊಡದಿದ್ದರೆ ಮರ ತಾನೇ ಸೀಳಿ ಜಾಗ ಮಾಡಿಕೊಳ್ಳುತ್ತದೆ.

ಬಾಗಿಲು, ಕಿಟಕಿ, ಮೆಟ್ಟಿಲಿಗೆ 8ರಿಂದ 14 ಶೇಕಡಾ ತೇವಾಂಶದ ಮರ ಬೇಕು. ಗಾಳಿ ಒಣಗಿರುವ ಕಡೆ ಇದರ ಕೆಳಗಿನ ಅಂಕಿ, ತೇವದ ಕಡೆ ಮೇಲಿನ ಅಂಕಿ. ಮುಳ್ಳು ಚುಚ್ಚಿ ನೋಡುವ ತೇವಾಂಶ ಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಅಳೆಯಬಹುದು. ಹಲಗೆಯ ತುದಿಯಿಂದ 30–40 ಸೆಂ.ಮೀ. ಒಳಗೆ ಒಂದು ತುಂಡು ಕೊಯ್ಯಿರಿ. ತುದಿಯದೇ ತುಂಡು ತೆಗೆದುಕೊಳ್ಳಬಾರದು, ಅದು ಯಾವಾಗಲೂ ಒಳಭಾಗಕ್ಕಿಂತ ಬೇಗ ಒಣಗಿರುತ್ತದೆ. ಕೊಯ್ದ ಕೂಡಲೇ ತೂಗಿ. ಆಮೇಲೆ 103 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತಲಿನ ಒಲೆಯಲ್ಲಿಟ್ಟು, ಇನ್ನು ತೂಕ ಇಳಿಯುವುದಿಲ್ಲ ಎನ್ನುವವರೆಗೆ ಒಣಗಿಸಿ ಮತ್ತೆ ತೂಗಿ. ಕಡಿಮೆಯಾದ ತೂಕವನ್ನು ಒಣ ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ತೇವಾಂಶ. 112 ಗ್ರಾಂ ತುಂಡು 100 ಗ್ರಾಮಿಗೆ ಇಳಿದರೆ 12 ಶೇಕಡಾ.

ಗಾಳಿಗೆ ಒಣಗಿಸುವುದಾದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಅಂದಾಜು. ಮರದ ಜಾತಿ, ಹವೆ ನೋಡಿ ಹೆಚ್ಚುಕಡಿಮೆ ಆಗುತ್ತದೆ. ಇದಕ್ಕಿಂತ ಮುಖ್ಯ ಅಟ್ಟಿ ಹಾಕುವ ಕ್ರಮ. ನೆಲದಿಂದ ಒಂದಡಿಯಾದರೂ ಎತ್ತರದಲ್ಲಿ ಸಮವಾದ ಆಧಾರ ಇಡಿ. ಹಲಗೆಗಳ ನಡುವೆ 25 ಮಿ.ಮೀ. ದಪ್ಪದ ಒಣ ಪಟ್ಟಿಗಳನ್ನು 45–60 ಸೆಂ.ಮೀ.ಗೆ ಒಂದರಂತೆ ಕೊಡಿ. ಮೇಲಿನ ಸಾಲಿನ ಪಟ್ಟಿ ಕೆಳಗಿನ ಪಟ್ಟಿಯ ನೇರಕ್ಕೇ ಬರಬೇಕು. ಆಚೀಚೆ ಆದರೆ ಅಟ್ಟಿಯ ಭಾರಕ್ಕೆ ಹಲಗೆ ಅಲೆಅಲೆಯಾಗಿ ಒಣಗಿಬಿಡುತ್ತದೆ. ಹಲಗೆಯ ಎರಡೂ ತುದಿಗೆ ದಪ್ಪ ಬಣ್ಣವನ್ನೋ ಮೇಣವನ್ನೋ ಬಳಿಯಿರಿ, ಇಲ್ಲದಿದ್ದರೆ ತುದಿ ಮೊದಲು ಒಣಗಿ ಸೀಳು ಬಿಡುತ್ತದೆ. ಮೇಲೆ ಸೂರು ಬೇಕು, ಪಕ್ಕಗಳು ತೆರೆದಿರಬೇಕು. ಟಾರ್ಪಾಲಿನಲ್ಲಿ ಸುತ್ತಿಟ್ಟ ಮರ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ.

ಕೊಳ್ಳುವಾಗ ಹಲಗೆಯ ಒಂದು ತುದಿಗೆ ಕಣ್ಣಿಟ್ಟು ಅಂಚಿನ ಉದ್ದಕ್ಕೂ ನೋಡಿ. ಬಾಗು, ತಿರುಚು ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಬಾಗನ್ನು ಕೀಸಿ ತೆಗೆಯಬಹುದು. ತಿರುಚಿದ್ದನ್ನು ಬಿಟ್ಟುಬಿಡುವುದೇ ಲೇಸು. ತಿರುಳು ಒಳಗೇ ಉಳಿದಿರುವ ಚೌಕದ ಮರ ಒಂದಲ್ಲ ಒಂದು ದಿನ ಸೀಳುತ್ತದೆ, ಅದನ್ನು ಬಾಗಿಲ ಚೌಕಟ್ಟಿಗೆ ತರಬೇಡಿ. ಹೊರಗಿನ ಬಿಳಿ ಭಾಗದಲ್ಲಿ ಪಿಷ್ಟ ಇರುವುದರಿಂದ ಹುಳು ಮೊದಲು ಹಿಡಿಯುವುದು ಅಲ್ಲಿಗೆ. ತೇಗದಂಥ ಮರಕ್ಕೆ ಇರುವ ಒಳ್ಳೆಯ ಹೆಸರೆಲ್ಲ ಒಳಗಿನ ಕೆಚ್ಚಿಗೆ ಸೇರಿದ್ದು. ಅದೇ ಮರದ ಬಿಳಿ ಭಾಗ ಇತರ ಯಾವುದೇ ಮರದ ಬಿಳಿ ಭಾಗದಷ್ಟೇ ಬಡವು. ಗಂಟಿದ್ದರೆ ಬೆರಳಿನಿಂದ ಒತ್ತಿ ನೋಡಿ. ಬಿಗಿಯಾಗಿ ಕೂತ ಸಣ್ಣ ಗಂಟಿನಿಂದ ಬಾಗಿಲಿಗೆ ತೊಂದರೆಯಿಲ್ಲ. ಆದರೆ ತೊಲೆಯ ಕೆಳ ಅಂಚಿನ ನಡುವೆ ಬಂದ ಗಂಟು ತೊಲೆಯನ್ನೇ ಮುರಿಯಬಲ್ಲದು.

ಎರಡನೆಯದು: ಒಂದು ಗೆರೆ, ಒಂದು ಟೇಪು

ಗೋಡೆ ಎದ್ದ ಮೇಲೆ, ಮರದ ಒಂದು ತುಂಡೂ ಕೊಯ್ಯುವ ಮೊದಲು, ಮನೆಯ ಎಲ್ಲ ಕೋಣೆಗಳಲ್ಲೂ ಒಂದೇ ಮಟ್ಟದ ಗೆರೆ ಎಳೆಯಿರಿ. ಮುಗಿದ ನೆಲದಿಂದ 1 ಮೀಟರ್ ಎತ್ತರದಲ್ಲಿ ಎಳೆಯುವುದು ರೂಢಿ. ಇಲ್ಲಿ "ಮುಗಿದ" ಎಂಬುದನ್ನು ಮರೆಯಬೇಡಿ: ಮುಂದೆ ಹಾಕುವ ಕಲ್ಲು ಅಥವಾ ಟೈಲ್ಸ್ ಮತ್ತು ಅದರಡಿಯ ಗಾರೆಯ ದಪ್ಪ ಲೆಕ್ಕಕ್ಕೆ ಬಂದಿರಬೇಕು. ಆಮೇಲೆ ಹೊಸ್ತಿಲು, ಕಿಟಕಿಯ ತಳ, ಬಾಗಿಲ ನೆತ್ತಿ, ಮೆಟ್ಟಿಲು, ಗೋಡೆ ಕಪಾಟು, ಯಾವುದನ್ನೇ ಅಳೆದರೂ ಈ ಗೆರೆಯಿಂದಲೇ. ನೆಲದಿಂದ ಅಳೆಯುವುದು ಬೇಡ. ನೆಲ ಒಂದು ಮೂಲೆಯಲ್ಲಿ 10 ಮಿ.ಮೀ. ಇಳಿದಿದ್ದರೆ ಅಲ್ಲಿನ ಬಾಗಿಲೂ ಅಷ್ಟೇ ಇಳಿದು, ಪಕ್ಕದ ಕಿಟಕಿಯ ನೆತ್ತಿಗೂ ಅದಕ್ಕೂ ತಾಳೆಯಾಗದೆ ಜೀವನಪರ್ಯಂತ ಕಣ್ಣಿಗೆ ಚುಚ್ಚುತ್ತದೆ.

ಗೆರೆ ಎಳೆಯಲು ಲೇಸರ್ ಇದ್ದರೆ ಬೇಗ ಆಗುತ್ತದೆ. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಮಟ್ಟ ನೋಡುವುದೂ ಕರಾರುವಾಕ್ಕಾದ ವಿಧಾನವೇ. ಕೊಳವೆಯೊಳಗೆ ಗಾಳಿಗುಳ್ಳೆ ಇರಬಾರದು, ಎರಡೂ ಬಾಯಿ ತೆರೆದಿರಬೇಕು, ಯಾರೂ ಅದನ್ನು ತುಳಿದಿರಬಾರದು. ಬಿಸಿಲು ನೆರಳಿನ ನಡುವೆ ಕೊಳವೆ ಹಾಯ್ದಿದ್ದರೆ ಎರಡು ಕಡೆಯ ನೀರಿನ ಬಿಸಿ ಬೇರೆಯಾಗಿ ಮಟ್ಟ ಸ್ವಲ್ಪ ತಪ್ಪುತ್ತದೆ. ರಸಮಟ್ಟವನ್ನು ನಂಬುವ ಮೊದಲು ಒಮ್ಮೆ ತಿರುಗಿಸಿ ನೋಡಿ. ಒಂದೇ ಜಾಗದಲ್ಲಿ ಅದರ ತಲೆಬಾಲ ಅದಲುಬದಲು ಮಾಡಿಟ್ಟಾಗಲೂ ಗುಳ್ಳೆ ಅಲ್ಲೇ ನಿಂತರೆ ಅದು ಸರಿ.

ಮೂಲೆ ನೇರವಾಗಿದೆಯೇ ನೋಡಲು 3-4-5ರ ಲೆಕ್ಕ ಎಲ್ಲರಿಗೂ ಗೊತ್ತು: ಒಂದು ಗೋಡೆಯಲ್ಲಿ 3, ಇನ್ನೊಂದರಲ್ಲಿ 4 ಅಳೆದು ಗುರುತು ಹಾಕಿದರೆ ಎರಡು ಗುರುತುಗಳ ನಡುವೆ 5 ಬರಬೇಕು. ಗೋಡೆ ಉದ್ದವಿದ್ದರೆ 6-8-10 ತೆಗೆದುಕೊಳ್ಳಿ. ತ್ರಿಕೋನ ದೊಡ್ಡದಾದಷ್ಟೂ ತಪ್ಪು ಚಿಕ್ಕದಾಗುತ್ತದೆ. ಚೌಕಟ್ಟು ಕಟ್ಟಿದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ನೋಡಿ. ಎದುರುಬದಿಗಳು ಸಮವಿದ್ದು ಕರ್ಣಗಳೂ ಸಮವಿದ್ದರೆ ಮೂಲೆಮಟ್ಟವನ್ನೇ ಹಿಡಿಯಬೇಕಿಲ್ಲ.

ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲುಗುತ್ತದೆ. ಅದು ಕೆಟ್ಟು ಹೋಗಿದೆಯೆಂದು ಬಡಿದು ಬಿಗಿ ಮಾಡುವವರನ್ನು ನೋಡಿದ್ದೇನೆ. ಕೊಕ್ಕೆ ಎಷ್ಟು ದಪ್ಪವೋ ಅಷ್ಟೇ ಅಲುಗಬೇಕು. ಒಳಗಿನಿಂದ ತಳ್ಳಿ ಅಳೆದರೂ ಹೊರಗಿನಿಂದ ಸಿಕ್ಕಿಸಿ ಅಳೆದರೂ ಒಂದೇ ಅಂಕಿ ಬರಲೆಂದು ಹಾಗೆ ಮಾಡಿರುತ್ತಾರೆ. ಒಂದು ಮನೆಗೆ ಒಂದೇ ಟೇಪು ಇಟ್ಟುಕೊಂಡರೆ ಇನ್ನೂ ನೆಮ್ಮದಿ. ಒಂದೇ ಅಳತೆ ಹತ್ತಾರು ಕಡೆ ಬೇಕಾದಾಗ ಟೇಪನ್ನೇ ಪಕ್ಕಕ್ಕಿಟ್ಟು, ಒಂದು ನೇರ ಪಟ್ಟಿಯ ಮೇಲೆ ಹೊಸ್ತಿಲು, ಬೀಗ, ಕೀಲು, ನೆತ್ತಿ ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಆ ಅಳತೆಗೋಲನ್ನು ಪ್ರತಿ ಬಾಗಿಲಿಗೂ ಹಿಡಿದರೆ ಅಂಕಿ ಓದುವ ಕೆಲಸವೇ ಇಲ್ಲ, ತಪ್ಪು ಓದುವ ಮಾತೂ ಇಲ್ಲ.

ಹಲಗೆಯ ಒಂದು ಮುಖ, ಒಂದು ಅಂಚನ್ನು ಮೊದಲು ಕೀಸಿ ನೇರ ಮಾಡಿ ಅವಕ್ಕೆ ಗುರುತು ಹಾಕಿ. ಮುಂದಿನ ಎಲ್ಲ ಗೆರೆ ಅವುಗಳಿಂದಲೇ ಎಳೆಯಬೇಕು. ಜೋಡಣೆಯ ಗೆರೆಯನ್ನು ಪೆನ್ಸಿಲ್ ಬದಲು ಚೂಪು ಚಾಕುವಿನಿಂದ ಕೊಯ್ದರೆ ಉಳಿ ಕೂರಲು ತಾನಾಗಿ ಒಂದು ಮೆಟ್ಟು ಸಿಗುತ್ತದೆ. ಗರಗಸದ ಹಲ್ಲು 2–3 ಮಿ.ಮೀ. ಮರ ತಿನ್ನುತ್ತದೆ, ಆ ತಿನ್ನುವಿಕೆ ಗೆರೆಯ ಬಿಸಾಡುವ ಬದಿಗೆ ಬರಲಿ, ಗೆರೆ ಉಳಿಯಲಿ.

ಉಳಿಗೆ ಸಾಣೆ

ಮೊಂಡು ಉಳಿ ಚೂಪು ಉಳಿಗಿಂತ ಅಪಾಯ. ಹೆಚ್ಚು ಬಲ ಹಾಕಬೇಕಾಗುತ್ತದೆ, ಜಾರಿದಾಗ ಆ ಬಲವೆಲ್ಲ ಇನ್ನೊಂದು ಕೈಗೆ ಹೋಗುತ್ತದೆ. ಉಳಿಯ ಇಳಿಜಾರನ್ನು 25 ಡಿಗ್ರಿಗೆ ಅರೆದು, ತುದಿಯಂಚನ್ನು ಮಾತ್ರ 30 ಡಿಗ್ರಿಗೆ ನಯಗೊಳಿಸಿ. ಹಿಂಬದಿ ಕನ್ನಡಿಯ ಹಾಗೆ ಚಪ್ಪಟೆಯಾಗಿರಬೇಕು. ಎಷ್ಟೋ ಜನ ಇಳಿಜಾರಿಗೆ ಮಾತ್ರ ಕಲ್ಲು ಹಿಡಿದು ಹಿಂಬದಿಯನ್ನು ಮುಟ್ಟುವುದೇ ಇಲ್ಲ. ಅಂಚು ಎಂದರೆ ಎರಡು ಮುಖ ಸೇರುವ ಜಾಗ, ಒಂದೇ ಮುಖ ನಯವಾದರೆ ಸಾಲದು. ಮೆದು ಮರದ ತುದಿಯನ್ನು, ಅಂದರೆ ಎಳೆ ಕೊನೆಯಾಗುವ ಮುಖವನ್ನು, ಕೈಯಿಂದಲೇ ತಳ್ಳಿ ಸವರಿ ನೋಡಿ. ಎಳೆ ಜಜ್ಜದೆ ಹೊಳಪಾಗಿ ಕೊಯ್ದರೆ ಸಾಣೆ ಸರಿಯಾಗಿದೆ.

ಕುಳಿ ಮತ್ತು ನಾಲಿಗೆ

ಮನೆಯ ಮರಗೆಲಸದಲ್ಲಿ ಒಂದೇ ಜೋಡಣೆ ಕಲಿಯಲು ಸಮಯವಿದೆ ಎನ್ನುವವರು ಇದನ್ನೇ ಕಲಿಯಲಿ. ಒಂದು ಮರದ ತುದಿಯನ್ನು ನಾಲಿಗೆಯಾಗಿ ಕೊರೆದು ಇನ್ನೊಂದರಲ್ಲಿ ತೋಡಿದ ಕುಳಿಗೆ ಕೂರಿಸುವ ಮಾರ್ಟೀಸ್-ಟೆನನ್ ಜೋಡಣೆಯ ಮೇಲೆ ಬಾಗಿಲ ಚೌಕಟ್ಟು, ಕದ, ಕಿಟಕಿ, ಕಂಬ-ತೊಲೆ ಎಲ್ಲ ನಿಂತಿವೆ.

ನಾಲಿಗೆಯ ದಪ್ಪ ಮರದ ದಪ್ಪದ ಮೂರನೆಯ ಒಂದು ಭಾಗ ಎಂಬುದು ಲೆಕ್ಕ. 60 ಮಿ.ಮೀ. ಮರಕ್ಕೆ 20 ಮಿ.ಮೀ. ನಾಲಿಗೆ. ಆದರೆ ನಿಮ್ಮ ಹತ್ತಿರ ಇರುವುದು 19 ಮಿ.ಮೀ. ಉಳಿಯಾದರೆ ಕುಳಿಯನ್ನು 19ಕ್ಕೇ ಇಡಿ. ಉಳಿಯ ಅಗಲವೇ ಕುಳಿಯ ಅಗಲವಾಗಲಿ, ಪಕ್ಕಗಳನ್ನು ಸವರಿ ಅಗಲ ಮಾಡಲು ಹೋದರೆ ಅವು ಎಂದೂ ಸಮಾಂತರವಾಗುವುದಿಲ್ಲ. ಕುಳಿಯನ್ನು ಮೊದಲು ತೋಡಿ, ನಾಲಿಗೆಯನ್ನು ಅದಕ್ಕೆ ಹೊಂದಿಸಿ. ನಾಲಿಗೆಯನ್ನು ಕೀಸಿ ತೆಳ್ಳಗೆ ಮಾಡಬಹುದು, ಕುಳಿಯನ್ನು ಮತ್ತೆ ಸಣ್ಣದು ಮಾಡಲಾಗದು.

ತೋಡುವಾಗ ಎರಡು ತುದಿಯ ಗೆರೆಯಿಂದ 2 ಮಿ.ಮೀ. ಬಿಟ್ಟು ನಡುವಿನಿಂದ ಶುರುಮಾಡಿ. ತುದಿಯಲ್ಲಿ ಉಳಿಸಿದ ಆ ಮರದ ಮೇಲೆ ಉಳಿಯನ್ನು ಒರಗಿಸಿ ಚಕ್ಕೆ ಎತ್ತಬಹುದು, ಗೆರೆ ಜಜ್ಜುವುದಿಲ್ಲ. ಕೊನೆಯಲ್ಲಿ ಗೆರೆಗೆ ನೆಟ್ಟಗೆ ಇಳಿಸಿ ಚೊಕ್ಕ ಮಾಡಿ. ಆರುಪಾರು ಕುಳಿಯಾದರೆ ಎರಡೂ ಕಡೆಯಿಂದ ಅರ್ಧರ್ಧ ತೋಡಿ. ಒಂದೇ ಕಡೆಯಿಂದ ಹೊಡೆದರೆ ಆಚೆ ಮುಖ ಕಿತ್ತುಬರುತ್ತದೆ. ಆರುಪಾರಲ್ಲದಿದ್ದರೆ ನಾಲಿಗೆಗಿಂತ ಕುಳಿ 2 ಮಿ.ಮೀ. ಆಳವಿರಲಿ, ಹೆಚ್ಚಿನ ಅಂಟಿಗೆ ಅಲ್ಲಿ ಜಾಗ ಬೇಕು. ಒಣ ಜೋಡಣೆ ಮಾಡಿ ನೋಡುವಾಗ ನಾಲಿಗೆ ಕೈಯೊತ್ತಿಗೆ ಅರ್ಧ ಹೋಗಿ, ಉಳಿದರ್ಧ ಕೊಡತಿಯ ಹಗುರ ಏಟಿಗೆ ಹೋದರೆ ಸರಿಯಾಗಿದೆ. ಬಲವಾಗಿ ಬಡಿಯಬೇಕಾಗಿ ಬಂದರೆ ನಿಲ್ಲಿಸಿ. ಕುಳಿಯ ಮರ ಸೀಳುವ ಸದ್ದು ಕೇಳಿದ ಮೇಲೆ ಮಾಡುವುದಕ್ಕೇನೂ ಉಳಿದಿರುವುದಿಲ್ಲ.

ಬೆಣೆ ಹೊಡೆದು ಬಿಗಿಮಾಡುವಾಗ ದಿಕ್ಕು ನೋಡಿಕೊಳ್ಳಿ. ಬೆಣೆಯಿಂದ ನಾಲಿಗೆ ಅರಳುವುದು ಕುಳಿಯಿರುವ ಮರದ ಎಳೆಯ ಉದ್ದಕ್ಕೆ ಆಗಬೇಕು. ಎಳೆಗೆ ಅಡ್ಡವಾಗಿ ಅರಳಿದರೆ ಆ ಮರವೇ ಎರಡು ಹೋಳು. ಕುಳಿಯ ಹೊರಬಾಯಿಯನ್ನು ಎರಡು ತುದಿಯಲ್ಲಿ ಸ್ವಲ್ಪ ಅಗಲಿಸಿಟ್ಟರೆ ಅರಳಿದ ನಾಲಿಗೆ ಹಿಂದಕ್ಕೆ ಬರುವ ಮಾತೇ ಇಲ್ಲ.

ಅಂಟನ್ನೂ ಕ್ಲಾಂಪನ್ನೂ ನೆಚ್ಚದೆ ಬಿಗಿಯುವ ಇನ್ನೊಂದು ಉಪಾಯ ಮರದ ಗೂಟ. ಮೊದಲು ಕುಳಿಯ ಎರಡೂ ಗೋಡೆಗೆ ಅಡ್ಡವಾಗಿ ತೂತು ಕೊರೆಯಿರಿ. ನಾಲಿಗೆಯನ್ನು ಕೂರಿಸಿ, ಬೈರಿಗೆಯ ಮೊನೆಯನ್ನು ತೂತಿನಲ್ಲಿ ಇಳಿಸಿ ನಾಲಿಗೆಯ ಮೇಲೆ ಗುರುತು ಮಾತ್ರ ಹಾಕಿ. ನಾಲಿಗೆಯನ್ನು ಹೊರತೆಗೆದು, ಆ ಗುರುತಿಗಿಂತ 1–1.5 ಮಿ.ಮೀ. ಅದರ ಬುಡದ ಕಡೆಗೆ ಸರಿದು ಕೊರೆಯಿರಿ. ಈಗ ತುದಿ ಚೂಪು ಮಾಡಿದ ಗಟ್ಟಿ ಮರದ ಗೂಟ ಹೊಡೆದರೆ ಅದು ಓರೆ ತೂತುಗಳನ್ನು ನೇರಕ್ಕೆ ತರಲು ಹೋಗಿ ಜೋಡಣೆಯನ್ನು ಎಳೆದು ಮುಚ್ಚುತ್ತದೆ. ಗೂಟಕ್ಕೆ ಎಳೆ ನೇರವಾಗಿರುವ ಮರ ಬೇಕು. ಅದನ್ನು ಗರಗಸದಲ್ಲಿ ಕೊಯ್ಯುವುದಕ್ಕಿಂತ ಸೀಳಿ ತೆಗೆಯಿರಿ.

ಮೊಳೆ, ಸ್ಕ್ರೂ ಬಗ್ಗೆ ಒಂದೆರಡು ಮಾತು ಸಾಕು. ಹಲಗೆಯ ತುದಿಗೆ ಎಳೆಯ ಉದ್ದಕ್ಕೆ ಹೊಡೆದ ಮೊಳೆ ಹಿಡಿಯುವುದಿಲ್ಲ. ಮೊಳೆಯ ಉದ್ದ ತೆಳುವಾದ ಹಲಗೆಯ ಎರಡೂವರೆ-ಮೂರು ಪಟ್ಟು ಇರಲಿ. ಗಟ್ಟಿ ಮರಕ್ಕೆ ಸ್ಕ್ರೂ ಹಾಕುವಾಗ ಮೇಲಿನ ಹಲಗೆಯಲ್ಲಿ ಅದು ಸಡಿಲವಾಗಿ ಹಾಯುವಷ್ಟು, ಕೆಳಗಿನದರಲ್ಲಿ ಅದರ ತಿರುಳಿನಷ್ಟು ತೂತು ಮೊದಲೇ ಕೊರೆದಿರಬೇಕು. ಹಿತ್ತಾಳೆ ಸ್ಕ್ರೂ ಬಳಸುವುದಾದರೆ ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ತಿರುಗಿಸಿ ತೆಗೆದು, ಆಮೇಲೆ ಮೇಣ ಸವರಿ ಹಿತ್ತಾಳೆಯದನ್ನು ಹಾಕಿ, ಇಲ್ಲದಿದ್ದರೆ ಕತ್ತು ಮುರಿಯುತ್ತದೆ. ಟ್ಯಾನಿನ್ ಎಂಬ ಒಗರು ಅಂಶ ಹೆಚ್ಚಿರುವ ಮರಕ್ಕೆ ಹೊರಗಡೆ ಬರೀ ಕಬ್ಬಿಣದ ಮೊಳೆ ಹೊಡೆದರೆ ಒದ್ದೆಯಾದಾಗ ಸುತ್ತ ಕಪ್ಪು ಕಲೆ ಬಿಡುತ್ತದೆ.

ಬಾಗಿಲು

ಚೌಕಟ್ಟಿನ ಗೋಡೆಗೆ ತಾಗುವ ಮುಖಕ್ಕೆ ಮೊದಲೇ ಪ್ರೈಮರ್ ಬಳಿದಿರಬೇಕು, ನಿಲ್ಲಿಸಿದ ಮೇಲೆ ಅಲ್ಲಿಗೆ ಕುಂಚ ಹೋಗುವುದಿಲ್ಲ. ಕೆಳಗಿನ ತುದಿ ಒದ್ದೆ ನೆಲದ ನೀರು ಹೀರದಂತೆ ಕಲ್ಲಿನ ಮೇಲೆ, ತೇವ ತಡೆಯುವ ಪದರದ ಮೇಲೆ ನಿಲ್ಲಲಿ. ಹೊಸ್ತಿಲಿಲ್ಲದ ಚೌಕಟ್ಟಾದರೆ ಮೇಲಿನ ಒಳ ಅಗಲದಷ್ಟೇ ಉದ್ದದ ಅಡ್ಡಪಟ್ಟಿಯನ್ನು ಕೆಳಗೂ ನಡುವೆಯೂ ಬಡಿದು, ಗಾರೆ ಗಟ್ಟಿಯಾಗುವವರೆಗೆ ಬಿಡಿ. ತೂಗುಗುಂಡನ್ನು ಎರಡೂ ಕಂಬಗಳ ಎರಡೆರಡು ಮುಖಕ್ಕೆ ಹಿಡಿಯಬೇಕು. ಅಷ್ಟಾದರೂ ಒಂದು ಕಂಬ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಇರಬಹುದು. ಅದಕ್ಕೆ ಮೂಲೆಯಿಂದ ಮೂಲೆಗೆ ಎರಡು ದಾರ ಕಟ್ಟಿ ನೋಡಿ. ನಡುವೆ ದಾರಗಳು ತಾಗಿಯೂ ತಾಗದಂತಿರಬೇಕು. ಒಂದು ಇನ್ನೊಂದನ್ನು ತಳ್ಳುತ್ತಿದ್ದರೆ ಅಥವಾ ನಡುವೆ ಸಂದು ಕಂಡರೆ ಚೌಕಟ್ಟು ತಿರುಚಿದೆ, ಕದ ನಾಲ್ಕೂ ಮೂಲೆಗೆ ಕೂರುವುದಿಲ್ಲ. ಗೋಡೆಗೆ ಹಿಡಿಸುವ ಹೋಲ್ಡ್‌ಫಾಸ್ಟ್ ಪಕ್ಕಕ್ಕೆ ಮೂರಾದರೂ ಬೇಕು.

ಕದವನ್ನು ಮಾತ್ರ ಗಾರೆ, ಗಿಲಾವು ಎಲ್ಲ ಒಣಗಿದ ಮೇಲೆ ತನ್ನಿ. ಹೊಸ ಗಿಲಾವು ವಾರಗಟ್ಟಲೆ ನೀರು ಬಿಡುತ್ತಿರುತ್ತದೆ, ಚೆನ್ನಾಗಿ ಒಣಗಿಸಿ ತಂದ ಕದ ಆ ಕೋಣೆಯಲ್ಲಿ ಮತ್ತೆ ಉಬ್ಬುತ್ತದೆ. ಮಾಡಿಟ್ಟ ಕದಗಳನ್ನು ಅದೇ ಮನೆಯಲ್ಲಿ ಎರಡು ವಾರ ಚಪ್ಪಟೆಯಾಗಿ, ನಡುವೆ ಪಟ್ಟಿ ಕೊಟ್ಟು ಇಡಬಹುದಾದರೆ ಇನ್ನೂ ಒಳ್ಳೆಯದು.

ಫಲಕವಿರುವ ಕದದಲ್ಲಿ ಚೌಕಟ್ಟಿಗೆ ಅಂಟು ಹಾಕಿ, ಫಲಕಕ್ಕೆ ಹಾಕಬೇಡಿ. ಅದು ತೋಡಿನೊಳಗೆ ಸಡಿಲವಾಗಿ ಕೂತು ತನ್ನಷ್ಟಕ್ಕೆ ಹಿಗ್ಗಿ ಕುಗ್ಗಲಿ. ಬಿಡುವ ಸಂದು ಕಾಲದ ಮೇಲೆ ಹೋಗುತ್ತದೆ. ಒಣ ಹವೆಯಲ್ಲಿ ಕಟ್ಟುವಾಗ ಪ್ರತಿ ಬದಿಗೆ 3 ಮಿ.ಮೀ. ಬಿಡಿ, ಫಲಕ ಮುಂದೆ ಹಿಗ್ಗಲಿದೆ. ತೇವದ ಕಾಲದಲ್ಲಿ ಕಟ್ಟುವಾಗ 1 ಮಿ.ಮೀ. ಸಾಕು, ಮುಂದೆ ಕುಗ್ಗುವುದೇ ಇದೆ. ಫಲಕಕ್ಕೆ ಬಣ್ಣವನ್ನೋ ಎಣ್ಣೆಯನ್ನೋ ಜೋಡಿಸುವ ಮೊದಲೇ ಅಂಚಿನವರೆಗೆ ಬಳಿಯಿರಿ. ಜೋಡಿಸಿದ ಮೇಲೆ ಬಳಿದರೆ ಬೇಸಿಗೆಯಲ್ಲಿ ಅಂಚಿನಿಂದ ಬಣ್ಣವಿಲ್ಲದ ಬಿಳಿ ಪಟ್ಟಿ ಇಣುಕುತ್ತದೆ.

ಕದಕ್ಕೂ ಚೌಕಟ್ಟಿಗೂ ನಡುವೆ ಮೇಲೆ ಮತ್ತು ಪಕ್ಕಕ್ಕೆ 3 ಮಿ.ಮೀ., ಕೆಳಗೆ ನೆಲ ನೋಡಿ 6–10 ಮಿ.ಮೀ. ಸಂದು ಇರಲಿ. ಮುಚ್ಚುವಾಗ ಚೌಕಟ್ಟಿನೊಳಗೆ ಮೊದಲು ಹೋಗುವ ಅಂಚನ್ನು 2–3 ಡಿಗ್ರಿ ಓರೆಯಾಗಿ ಕೀಸಿದರೆ ಸಂದು ಕಡಿಮೆ ಇಟ್ಟೂ ಕದ ಉಜ್ಜದಂತೆ ಮಾಡಬಹುದು. ಮೇಲಿನ ಕೀಲು ನೆತ್ತಿಯಿಂದ 15–20 ಸೆಂ.ಮೀ. ಕೆಳಗೆ, ಕೆಳಗಿನದು ತಳದಿಂದ 20–25 ಸೆಂ.ಮೀ. ಮೇಲೆ. ಮೂರನೆಯದು ನಟ್ಟನಡುವೆ ಎನ್ನುತ್ತಾರೆ. ಕದ ಭಾರವಿದ್ದರೆ ಅದನ್ನು ಮೇಲಿನ ಕೀಲಿನ ಹತ್ತಿರಕ್ಕೆ ತರುವುದು ನನಗೆ ಸರಿಕಾಣುತ್ತದೆ, ಏಕೆಂದರೆ ಕದದ ತೂಕ ಕಿತ್ತೆಳೆಯುವುದು ಮೇಲಿನ ಕೀಲನ್ನೇ. ಕೀಲಿನ ಗುಂಡಿ ಅದರ ಎಲೆಯ ದಪ್ಪದಷ್ಟೇ ಆಳವಿರಬೇಕು. ಹೆಚ್ಚು ಆಳವಾದರೆ ಕದ ಮುಚ್ಚುವಾಗ ಕೀಲಿನ ಕಡೆಯ ಅಂಚು ಚೌಕಟ್ಟಿಗೆ ಒತ್ತಿ ಸ್ಕ್ರೂಗಳನ್ನು ಮೀಟುತ್ತದೆ. ಹಾಗಾಗಿದ್ದರೆ ಎಲೆಯ ಹಿಂದೆ ರಟ್ಟಿನ ತುಂಡು ಇಟ್ಟು ಮೇಲೆತ್ತಿ.

ತೊಲೆ, ಜಂತೆ

ಭಾರ ಹೊರುವ ಮರದಲ್ಲಿ ಅಗಲಕ್ಕಿಂತ ಎತ್ತರ ಹೆಚ್ಚು ದುಡಿಯುತ್ತದೆ. ಬಲ ಎತ್ತರದ ವರ್ಗದಂತೆ, ಬಾಗದೆ ನಿಲ್ಲುವ ಗುಣ ಎತ್ತರದ ಘನದಂತೆ ಏರುತ್ತದೆ. 100×100 ಮಿ.ಮೀ. ತೊಲೆಯಲ್ಲೂ 50×200 ಮಿ.ಮೀ. ತೊಲೆಯಲ್ಲೂ ಇರುವ ಮರ ಒಂದೇ ಅಳತೆಯದು. ಎರಡನೆಯದನ್ನು ಅಂಚಿನ ಮೇಲೆ ನಿಲ್ಲಿಸಿದರೆ ಬಲ ಎರಡು ಪಟ್ಟು, ಬಿಗುವು ನಾಲ್ಕು ಪಟ್ಟು. ಆದರೆ ಎತ್ತರದ ತೆಳು ಜಂತೆ ಪಕ್ಕಕ್ಕೆ ವಾಲುತ್ತದೆ. ನಡುನಡುವೆ ಅಡ್ಡಮರ ಕೊಟ್ಟು ಹಿಡಿಯಬೇಕು. ಸ್ವಲ್ಪ ಬಾಗಿರುವ ಜಂತೆಯನ್ನು ಉಬ್ಬು ಮೇಲಾಗಿ ಇಡಿ, ಭಾರ ಬಿದ್ದಾಗ ಅದು ಸಮಕ್ಕೆ ಬರುತ್ತದೆ. ಯಾವ ಅಂತರಕ್ಕೆ ಯಾವ ಅಳತೆಯ ತೊಲೆ ಎಂಬುದು ಮರದ ಜಾತಿ, ಹೊರುವ ಭಾರ ಎರಡನ್ನೂ ಅವಲಂಬಿಸಿದ್ದು. ಅದನ್ನು ಇಂಜಿನಿಯರ್ ಲೆಕ್ಕ ಹಾಕಲಿ.

ಬಡಗಿಯ ಕೈಲಿರುವುದು ಲೆಕ್ಕ ಹಾಕಿ ಕೊಟ್ಟ ತೊಲೆಯನ್ನು ಕೆಡಿಸದೆ ಇರುವುದು. ಕೊಳವೆ, ವೈರು ಹಾಯಿಸಲು ಜಂತೆಯ ಕೆಳ ಅಂಚನ್ನು ಕಚ್ಚು ಕೊಯ್ಯುವುದೇ ಎಲ್ಲಕ್ಕಿಂತ ಕೆಟ್ಟ ಚಾಳಿ. ಬಾಗುವಾಗ ಹೆಚ್ಚು ಎಳೆತ ಬೀಳುವುದು ಅಲ್ಲಿಗೇ. ತೂತು ಬೇಕೇಬೇಕಾದರೆ ಎತ್ತರದ ನಟ್ಟನಡುವೆ, ಎತ್ತರದ ಮೂರನೆಯ ಒಂದು ಭಾಗ ಮೀರದಂತೆ, ಮೇಲಿನ ಕೆಳಗಿನ ಅಂಚಿನಿಂದ 50 ಮಿ.ಮೀ. ಬಿಟ್ಟು ಕೊರೆಯಿರಿ. ಉದ್ದದ ನಡುವಿನ ಮೂರನೆಯ ಭಾಗದಲ್ಲಿ ಕಚ್ಚು ಬೇಡವೇ ಬೇಡ. ಗೋಡೆಯಲ್ಲಿ ಕೂರುವ ತುದಿಗೆ 75 ಮಿ.ಮೀ. ಆದರೂ ಆಧಾರ ಇರಲಿ, ಅಡಿಯಲ್ಲಿ ತೇವ ತಡೆಯುವ ಪದರ ಇರಲಿ, ಸುತ್ತ ಬೆರಳಿನಷ್ಟು ಗಾಳಿಸಂದು ಇರಲಿ. ಗಾರೆ ಮೆತ್ತಿ ಮುಚ್ಚಿದ ತೊಲೆಯ ತುದಿ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಮಾಡು

ನೆತ್ತಿಯಿಂದ ಗೋಡೆಗೆ ಇಳಿಜಾರಾಗಿ ಬರುವ ಮರದ, ಅಂದರೆ ಪಕಾಸಿನ, ಉದ್ದವನ್ನು ನೆಲದ ಮೇಲೇ ಲೆಕ್ಕ ಹಾಕಬಹುದು. ಗೋಡೆಯಿಂದ ನಡುವಿಗೆ 3 ಮೀಟರ್, ಏರು 1.5 ಮೀಟರ್ ಆದರೆ ಇಳಿಜಾರಿನ ಉದ್ದ 3.354 ಮೀಟರ್. ಇದರಿಂದ ನೆತ್ತಿತೊಲೆಯ ಅರ್ಧ ದಪ್ಪದ ಪಾಲು ಕಳೆದು, ಸೂರಿನ ಚಾಚು ಕೂಡಿಸಿ. ಒಂದು ಜೋಡಿ ಕೊಯ್ದು ಮೇಲೆ ಇಟ್ಟು ನೋಡಿ. ಕೂತರೆ ಅದರಲ್ಲೊಂದಕ್ಕೆ ದೊಡ್ಡದಾಗಿ ಗುರುತು ಹಾಕಿ, ಉಳಿದದ್ದೆಲ್ಲವನ್ನೂ ಅದರಿಂದಲೇ ಗೆರೆ ಎಳೆದು ಕೊಯ್ಯಿರಿ. ಹಿಂದಿನದರಿಂದ ಮುಂದಿನದನ್ನು ಗೆರೆ ಎಳೆಯುತ್ತ ಹೋದರೆ ಪ್ರತಿ ಸಲವೂ ಪೆನ್ಸಿಲ್ ಗೆರೆಯಷ್ಟು ಬೆಳೆದು, ಇಪ್ಪತ್ತನೆಯದು ಬೇರೆಯೇ ಮನೆಯ ಪಕಾಸಿನಂತಾಗುತ್ತದೆ.

ಗೋಡೆಯ ಮೇಲೆ ಕೂರಲು ಪಕಾಸಿನಲ್ಲಿ ಕೊಯ್ಯುವ ಕಚ್ಚು ಅದರ ಎತ್ತರದ ಮೂರನೆಯ ಒಂದು ಭಾಗ ಮೀರಬಾರದು. ಎರಡು ಕಡೆಯ ಪಕಾಸುಗಳು ಗೋಡೆಗಳನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತವೆ. ಅವುಗಳ ಕಾಲನ್ನು ಅಡ್ಡತೊಲೆ ಹಿಡಿದಿಡಬೇಕು. ಜಾಗ ಸಿಗಲೆಂದು ಅಡ್ಡತೊಲೆಯನ್ನು ಮೇಲಕ್ಕೆ ಏರಿಸಿದಷ್ಟೂ ಹಿಡಿತ ಸಡಿಲ. ಹೆಂಚು ಕೂರುವ ಅಡ್ಡಪಟ್ಟಿಯ, ಅಂದರೆ ರೀಪಿನ, ಅಂತರವನ್ನು ಪುಸ್ತಕ ನೋಡಿ ಇಡಬೇಡಿ. ಬಂದಿಳಿದ ಹೆಂಚಿನಲ್ಲೇ ಹತ್ತನ್ನು ಸಾಲಾಗಿ ಜೋಡಿಸಿ ಅಳೆದು ಸರಾಸರಿ ತೆಗೆಯಿರಿ.

ಮೆಟ್ಟಿಲು

ಹದಿನೇಳನೆಯ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲಾಂಡೆಲ್ ಕೊಟ್ಟ ಸೂತ್ರ ಇವತ್ತಿಗೂ ನಡೆಯುತ್ತದೆ: ಮೆಟ್ಟಿಲ ಎತ್ತರದ ಎರಡರಷ್ಟಕ್ಕೆ ತುಳಿಯುವ ಅಗಲ ಕೂಡಿಸಿದರೆ ಒಂದು ಹೆಜ್ಜೆಯಷ್ಟು ಬರಬೇಕು. ಈಗ ಅದನ್ನು 600–640 ಮಿ.ಮೀ. ಎಂದು ಹಿಡಿಯುತ್ತಾರೆ. ಮುಗಿದ ನೆಲದಿಂದ ಮುಗಿದ ನೆಲಕ್ಕೆ 2880 ಮಿ.ಮೀ. ಇದ್ದರೆ 16 ಎತ್ತರ, ಒಂದೊಂದು 180. ಅಗಲ 270 ಇಟ್ಟರೆ ಮೊತ್ತ 630, ಹತ್ತಲು ಹಿತ. ಎತ್ತರ 16 ಆದರೆ ತುಳಿಯುವ ಹಲಗೆ 15, ಹದಿನಾರನೆಯದು ಮೇಲಿನ ನೆಲವೇ.

ತಪ್ಪುವುದು ಮೊದಲ ಮತ್ತು ಕೊನೆಯ ಮೆಟ್ಟಿಲಲ್ಲಿ. ಕಚ್ಚು ಕೊಯ್ದ ಪಕ್ಕದ ಹಲಗೆಯ ಮೇಲೆ 32 ಮಿ.ಮೀ. ತುಳಿಹಲಗೆ ಕೂರಿಸಿದಾಗ ಮೊದಲ ಮೆಟ್ಟಿಲು 32 ಹೆಚ್ಚಾಗುತ್ತದೆ, ಕೊನೆಯದು 32 ಕಡಿಮೆಯಾಗುತ್ತದೆ. ಅಷ್ಟನ್ನು ಪಕ್ಕದ ಹಲಗೆಯ ತಳದಿಂದ ಕೊಯ್ದು ತೆಗೆಯಬೇಕು. ಕಾಲು ಮೊದಲೆರಡು ಹೆಜ್ಜೆಯಲ್ಲೇ ಎತ್ತರವನ್ನು ಕಲಿತುಬಿಡುತ್ತದೆ, ಮುಂದೆ 10 ಮಿ.ಮೀ. ಬದಲಾದರೂ ಎಡವುತ್ತದೆ. ಕಿರುಗುಟ್ಟುವುದು ಎರಡು ಮರಗಳು ಒಂದರ ಮೇಲೊಂದು ಸರಿದಾಡುವುದರಿಂದ. ತುಳಿಹಲಗೆಯ ಹಿಂಬದಿಗೆ ಅಡಿಯಿಂದ ಸ್ಕ್ರೂ ಹಾಕಿ, ಮೂಲೆಗಳಿಗೆ ತ್ರಿಕೋನದ ತುಂಡುಗಳನ್ನು ಅಂಟಿಸಿದರೆ ಸದ್ದು ಅಡಗುತ್ತದೆ.

ನೀರಿಗೆ ದಾರಿ

ಮರದ ತೇವಾಂಶ 20 ಶೇಕಡಾದ ಒಳಗಿದ್ದರೆ ಮರ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ನೀರು ಬೀಳುವುದರಿಂದ ಅಷ್ಟು ಕೆಡುಕಿಲ್ಲ, ನಿಲ್ಲುವುದರಿಂದ ಕೆಡುಕು. ಕಿಟಕಿಯ ತಳಹಲಗೆಗೆ ಹೊರಕ್ಕೆ ಇಳಿಜಾರು ಕೊಡಿ. ಅದರ ಅಡಿಯಲ್ಲಿ ಹೊರ ಅಂಚಿನಿಂದ 15–20 ಮಿ.ಮೀ. ಒಳಗೆ ಒಂದು ತೋಡು ಎಳೆದರೆ ನೀರು ಗೋಡೆಯವರೆಗೆ ಹರಿದು ಬರದೆ ಅಲ್ಲೇ ತೊಟ್ಟಿಕ್ಕುತ್ತದೆ. ಎಳೆ ಕೊನೆಯಾಗುವ ತುದಿಗಳು ಬತ್ತಿಯಂತೆ ನೀರೆಳೆಯುವುದರಿಂದ ಅವಕ್ಕೆ ಬಣ್ಣದ ಎರಡು-ಮೂರು ಲೇಪ ಹೆಚ್ಚು ಬೇಕು. ಕದದ ಕೆಳ ಅಂಚು ಯಾರಿಗೂ ಕಾಣುವುದಿಲ್ಲ, ಬಣ್ಣವೂ ಅಲ್ಲಿಗೆ ಹೋಗುವುದಿಲ್ಲ. ಕೀಲು ಹಾಕುವ ಮೊದಲೇ ಬಳಿದುಬಿಡಿ. ಎರಡು ಮುಖಕ್ಕೂ ಒಂದೇ ಲೇಪ ಇರಲಿ. ಒಂದೇ ಮುಖಕ್ಕೆ ಬಳಿದ ಹಲಗೆ ಬಾಗುತ್ತದೆ. ಮಣ್ಣಿಗೂ ಮರಕ್ಕೂ ನಡುವೆ 15–20 ಸೆಂ.ಮೀ. ಅಂತರವಿದ್ದರೆ ಗೆದ್ದಲು ಮಣ್ಣಿನ ಕೊಳವೆ ಕಟ್ಟಿಕೊಂಡು ಬಂದರೂ ಕಣ್ಣಿಗೆ ಬೀಳುತ್ತದೆ. ಬೋರಾನ್ ಲವಣದ ಉಪಚಾರ ಒಳಾಂಗಣಕ್ಕೆ ಒಳ್ಳೆಯದು, ಮಳೆಗೆ ಒಡ್ಡಿದರೆ ತೊಳೆದುಹೋಗುತ್ತದೆ.

ಅಗಸೆ ಎಣ್ಣೆ ಬಳಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಾಳಿಯೊಡನೆ ಸೇರಿ ಒಣಗುವಾಗ ಬಿಸಿಯಾಗಿ ತಾನಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಮರದ ಪುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ.

ಮೊದಲ ಮಳೆಗಾಲದಲ್ಲಿ ಬಾಗಿಲು ಹಿಡಿದರೆ ಉಜ್ಜುಗೊರಡು ತೆಗೆದುಕೊಂಡು ಓಡಬೇಡಿ. ಮೊದಲು ಮೇಲಿನ ಕೀಲಿನ ಸ್ಕ್ರೂ ಬಿಗಿಮಾಡಿ ನೋಡಿ. ಎಷ್ಟೋ ಬಾರಿ ಕದ ಉಬ್ಬಿರುವುದಿಲ್ಲ, ಜಗ್ಗಿರುತ್ತದೆ. ಅದಕ್ಕೂ ಬಗ್ಗದಿದ್ದರೆ ಕದಕ್ಕೂ ಚೌಕಟ್ಟಿಗೂ ನಡುವೆ ಕಾರ್ಬನ್ ಕಾಗದ ಇಟ್ಟು ಮುಚ್ಚಿ. ಕಪ್ಪು ಹತ್ತಿದ ಕಡೆ ಮಾತ್ರ ಒಂದೆರಡು ಸಿಪ್ಪೆ ಕೀಸಿ, ಬೋಳಾದ ಅಂಚಿಗೆ ಒಣ ದಿನ ನೋಡಿ ಬಣ್ಣ ಬಳಿಯಿರಿ.